ಸಮಾಧಾನ ಹೇಳುವ ಮುಂಚೆ

‘ಇನ್ನು ಇದ್ದೇನು ಉಪಯೋಗ, ಎಲ್ಲರಿಗೂ ಭಾರವಾಗಿಬಿಟ್ಟೆ’ ಎಂದು ಹಾಸಿಗೆ ಹಿಡಿದವರು ಅಂದ ಕೂಡಲೇ ಪಕ್ಕದಲ್ಲಿದ್ದವರ ಬಾಯಿಂದ ಬರುವುದು ‘ಛೆ, ಹಾಗೆಲ್ಲ ಅನ್ನಬಾರದು’. ದಾದಿಯರಿರಲಿ, ಆರೈಕೆದಾರರಿರಲಿ, ಓದಿಕೊಂಡ ಆಪ್ತಸಮಾಲೋಚಕರೇ ಇರಲಿ, ಮಾತು ಹೆಚ್ಚುಕಡಿಮೆ ಇದೇ. ಅಂದವರ ಮನಸ್ಸು ಒಳ್ಳೆಯದು. ಕೇಳಿಸಿಕೊಂಡವರಿಗೆ ಮಾತ್ರ ‘ಈ ವಿಷಯ ಇಲ್ಲಿ ಎತ್ತಬೇಡಿ’ ಎಂದು ಕೇಳಿಸುತ್ತದೆ. ಮಾರನೆಯ ದಿನ ‘ಹೇಗಿದ್ದೀರಿ’ ಅಂದರೆ ಅವರು ‘ಪರವಾಗಿಲ್ಲ’ ಅನ್ನುತ್ತಾರೆ, ನಾವು ‘ಇವತ್ತು ಗೆಲುವಾಗಿದ್ದಾರೆ’ ಎಂದು ವರದಿ ಪುಸ್ತಕದಲ್ಲಿ ಬರೆದಿಡುತ್ತೇವೆ.

ಇದು ಸರಿಪಡಿಸುವ ಚಪಲ. ಎದುರಿಗಿರುವವರ ಸಂಕಟ ನೋಡಲಾಗದೆ, ಅದನ್ನು ಬೇಗ ಮುಗಿಸಲು ನಮಗೇ ಅವಸರ. ಬುದ್ಧಿವಾದ, ಧೈರ್ಯದ ಮಾತು, ‘ನಿಮಗಿಂತ ಕಷ್ಟದಲ್ಲಿರೋರನ್ನ ನೋಡಿ’ ಎಂಬ ಹೋಲಿಕೆ, ಕೊನೆಗೆ ‘ನನಗೆ ಅರ್ಥ ಆಗುತ್ತೆ’ ಎಂಬುದು ಕೂಡ ಬಹಳ ಸಲ ಈ ಅವಸರದ್ದೇ ವೇಷ. ಅರ್ಥವಾಗಿದೆ ಎಂದು ಹೇಳುವುದಕ್ಕೆ ಏನೂ ಅರ್ಥವಾಗಿರಬೇಕಾಗಿಲ್ಲ. ಅರ್ಥವಾದದ್ದನ್ನು ತೋರಿಸಬೇಕಾದರೆ ಅವರು ಹೇಳಿದ್ದರ ಸಾರವನ್ನು ಅವರಿಗೇ ಹೇಳಿ ಹಿಂದಿರುಗಿಸಬೇಕು. ಈ ಕಸುಬಿನ ಮೂಲ ಕೌಶಲ ಇದು. ಕಲಿಯಲು ತಡವಾಗುವುದೂ ಇದೇ.

ಆದರೆ ಅದಕ್ಕೆ ಮೊದಲು ಅವರು ಹೇಳಿ ಮುಗಿಸಬೇಕಲ್ಲ. 1984ರಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕಲ್ ಎಂಬ ಅಮೆರಿಕದ ಸಂಶೋಧಕರು 74 ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮೊದಲ ಮಾತನ್ನು ತಡೆದಿದ್ದರು. ಬಿಟ್ಟರೆ ಗಂಟೆಗಟ್ಟಲೆ ಮಾತಾಡುತ್ತಾರೆ ಎಂಬ ಭಯಕ್ಕೆ 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಆಸ್ಪತ್ರೆಯೊಂದರಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಯಾರೂ ತಡೆಯದೆ ಬಿಟ್ಟಾಗ ರೋಗಿಗಳು ತಾವಾಗಿಯೇ ಸರಾಸರಿ 92 ಸೆಕೆಂಡಿಗೆ ಮಾತು ನಿಲ್ಲಿಸಿದರು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು. ಅಂದರೆ ಮೊದಲ ಎರಡು ನಿಮಿಷ ಪೆನ್ನು ಕೆಳಗಿಟ್ಟು ‘ಹೂಂ’ ಅನ್ನುತ್ತಾ ಕೂರುವುದಕ್ಕೆ ಯಾವ ಕೆಲಸದಲ್ಲೂ ಸಮಯವಿದೆ.

ಇನ್ನು ಹಿಂದಿರುಗಿಸುವುದು. ತಾಯಿಯನ್ನು ನೋಡಿಕೊಳ್ಳುತ್ತಿರುವ ಮಗಳೊಬ್ಬಳು ಹೀಗೆ ಹೇಳಿದಳು ಅನ್ನಿ: ‘ಹಗಲು ರಾತ್ರಿ ನಾನೊಬ್ಳೇ ನೋಡ್ಕೋತೀನಿ. ಅಣ್ಣ ತಿಂಗಳಿಗೊಂದ್ಸಲ ಬಂದು, ಹೀಗೆ ಮಾಡು ಹಾಗೆ ಮಾಡು ಅಂತ ಹೇಳಿ ಹೋಗ್ತಾನೆ.’ ಸರಳವಾಗಿ ಹಿಂದಿರುಗಿಸಿದರೆ: ‘ದುಡಿಯೋದು ನೀವು, ಬುದ್ಧಿ ಹೇಳೋದು ಅವರು.’ ಅರ್ಧ ಹೆಜ್ಜೆ ಮುಂದಿಟ್ಟರೆ: ‘ಸುಸ್ತಿಗಿಂತ, ಯಾರೂ ಗಮನಿಸ್ತಿಲ್ಲ ಅನ್ನೋದೇ ಜಾಸ್ತಿ ಚುಚ್ತಿದೆ.’ ಎರಡು ಹೆಜ್ಜೆ ಇಟ್ಟು ‘ಚಿಕ್ಕಂದಿನಿಂದ್ಲೂ ನಿಮಗೆ ಅಣ್ಣನ ಮೇಲೆ ಸಿಟ್ಟಿದೆ’ ಅಂದರೆ ಕೆಟ್ಟಿತು. ಅದು ಅವಳ ಮಾತಲ್ಲ, ನಮ್ಮ ಊಹೆ. ಅರ್ಧ ಹೆಜ್ಜೆಯೂ ತಪ್ಪಬಹುದು. ತಪ್ಪಿದರೆ ‘ಚುಚ್ಚೋದಲ್ಲ, ಭಯ. ನಾಳೆ ನನಗೇ ಏನಾದ್ರೂ ಆದ್ರೆ ಅಮ್ಮನ ಗತಿ?’ ಎಂದು ಅವಳೇ ತಿದ್ದುತ್ತಾಳೆ. ಹತ್ತು ಪ್ರಶ್ನೆ ಕೇಳಿದ್ದರೂ ಬರದಿದ್ದ ಮಾತು ಹೀಗೆ ಬರುತ್ತದೆ.

ಎರಡು ಸಣ್ಣ ವಿಷಯಗಳಲ್ಲಿ ಹೊಸಬರು ಎಡವುತ್ತಾರೆ. ಹಿಂದಿರುಗಿಸುವ ಮಾತು ಅವರು ಆಡಿದ್ದಕ್ಕಿಂತ ಚಿಕ್ಕದಿರಬೇಕು. ಮತ್ತು ವಾಕ್ಯದ ಕೊನೆಯಲ್ಲಿ ದನಿ ಇಳಿಯಬೇಕು. ಏರಿದರೆ ಅದು ಪ್ರಶ್ನೆಯಾಗುತ್ತದೆ, ಅವರು ‘ಹೌದು’ ಅಥವಾ ‘ಇಲ್ಲ’ ಎಂದು ನಿಲ್ಲಿಸುತ್ತಾರೆ. ಮನಶ್ಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ರೋಲ್ನಿಕ್ ರೂಪಿಸಿದ, ಬದಲಾಗುವ ಮನಸ್ಸನ್ನು ಎದುರಿನವರ ಮಾತಿನಿಂದಲೇ ಹೊರತರುವ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಪದ್ಧತಿಯಲ್ಲಿ ಒಂದು ಪ್ರಶ್ನೆಗೆ ಎರಡು ಹಿಂದಿರುಗಿಸುವ ಮಾತುಗಳಿದ್ದರೆ ಒಳ್ಳೆಯ ಮಟ್ಟ ಎಂದು ಎಣಿಸುತ್ತಾರೆ. ತರಬೇತಿಯಿಲ್ಲದವರ ಸಂಭಾಷಣೆಯಲ್ಲಿ ಈ ಲೆಕ್ಕ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ.

ಕನ್ನಡದಲ್ಲಿ ಈ ಕೆಲಸ ಮಾಡುವವರು ನಾಲ್ಕು ಪದಗಳ ಮೇಲೆ ಕಣ್ಣಿಡಬೇಕು. ‘ಯಾಕೆ’ ಎಂಬುದು ಕಾರಣ ಕೇಳುವುದಕ್ಕಿಂತ ಹೆಚ್ಚಾಗಿ ತಪ್ಪು ಹಿಡಿದಂತೆ ಕೇಳಿಸುತ್ತದೆ. ‘ಮಾತ್ರೆ ಯಾಕೆ ತಗೊಂಡಿಲ್ಲ?’ ಅಂದರೆ ಸಬೂಬು ಬರುತ್ತದೆ, ‘ಮಾತ್ರೆ ತಗೊಳೋಕೆ ಏನು ತೊಂದರೆ ಆಗ್ತಿದೆ?’ ಅಂದರೆ ತೊಂದರೆ ಹೊರಬರುತ್ತದೆ. ‘ಆದ್ರೆ’ ಅದುವರೆಗೆ ಹೇಳಿದ್ದನ್ನೆಲ್ಲ ಅಳಿಸುತ್ತದೆ. ‘ಅಲ್ವಾ’ ಒಪ್ಪಿಗೆಯನ್ನು ಬಲವಂತವಾಗಿ ಕಿತ್ತುಕೊಳ್ಳುತ್ತದೆ. ‘ಅಂತೆ’ ಎಲ್ಲಕ್ಕಿಂತ ಅಪಾಯಕಾರಿ: ರೋಗಿಯ ಎದುರಿಗೇ ಸಹೋದ್ಯೋಗಿಗೆ ‘ಇವರಿಗೆ ನಿದ್ದೆ ಬರಲ್ವಂತೆ’ ಅನ್ನುವುದರಲ್ಲಿ ‘ನಾನಂತೂ ನಂಬಿಲ್ಲ’ ಎಂಬ ಧ್ವನಿ ಅಡಗಿರುತ್ತದೆ.

ಅವರ ಪದವನ್ನು ನಮ್ಮ ಪಾರಿಭಾಷಿಕ ಪದಕ್ಕೆ ಬದಲಾಯಿಸುವ ಚಟವನ್ನೂ ಬಿಡಬೇಕು. ‘ಎದೆ ಭಾರ’ ಅಂದವರಿಗೆ ‘ಖಿನ್ನತೆ ಇದೆ’ ಎಂದು ಹಿಂದಿರುಗಿಸಿದರೆ ಅವರ ಅನುಭವ ಕೈತಪ್ಪಿಹೋಗುತ್ತದೆ. ‘ಆ ಭಾರ ಯಾವ ಹೊತ್ತಲ್ಲಿ ಜಾಸ್ತಿ?’ ಎಂದು ಅದೇ ಪದದ ಹಿಂದೆ ಹೋಗಬೇಕು. (ಎದೆ ಭಾರ ನಿಜವಾಗಿಯೂ ಎದೆಯದ್ದೇ ಇರಬಹುದು. ವೈದ್ಯರು ನೋಡಿಲ್ಲದಿದ್ದರೆ ಮೊದಲು ತೋರಿಸಿ, ರೂಪಕ ಆಮೇಲೆ.)

ಮೌನವನ್ನು ಎಲ್ಲರೂ ಹೊಗಳುತ್ತಾರೆ, ಬಗೆಗಳನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕಣ್ಣು ಕೆಳಗಿಟ್ಟು ಅಥವಾ ಎಲ್ಲೋ ನೋಡುತ್ತಾ ಸುಮ್ಮನಿದ್ದರೆ ಒಳಗೆ ಕೆಲಸ ನಡೆದಿದೆ. ಹತ್ತು ಸೆಕೆಂಡ್, ಬೇಕಾದರೆ ಇನ್ನೂ ಹೆಚ್ಚು ಹೊತ್ತು ಬಿಡಿ. ಮತ್ತೆ ಮತ್ತೆ ನಮ್ಮ ಮುಖ ನೋಡುತ್ತಿದ್ದರೆ ಏನು ಹೇಳಬೇಕೆಂದು ತೋಚದೆ ಸಿಕ್ಕಿಕೊಂಡಿದ್ದಾರೆ. ಆಗ ಮೌನ ಶಿಕ್ಷೆಯಾಗುತ್ತದೆ. ಹದಿಹರೆಯದವರಿಗಂತೂ ಐದು ಸೆಕೆಂಡ್ ಕೂಡ ವಿಚಾರಣೆಯಂತಿರಬಹುದು.

ಮೈಮುಟ್ಟಿ ಆರೈಕೆ ಮಾಡುವವರಿಗೆ ಮಾತು ಕೈಗಿಂತ ಮುಂದಿರಬೇಕು. ಎದುರಿನಿಂದ ಬಂದು, ಅವರ ಕಣ್ಣಿನ ಮಟ್ಟಕ್ಕೆ ಇಳಿದು, ಹೆಸರು ಹೇಳಿ, ಒಂದು ಸಲಕ್ಕೆ ಒಂದೇ ಕೆಲಸ ತಿಳಿಸಿ, ಉತ್ತರಕ್ಕೆ ಕಾಯಿರಿ. ಮರೆಗುಳಿತನ ಇರುವವರಿಗೆ ಉತ್ತರ ಹೊರಡಲು ನಾವೆಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಅದಕ್ಕೆ ಮೊದಲೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಿದರೆ ಅವರು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ‘ಸ್ನಾನ ಮಾಡೋಣ್ವಾ ಅಜ್ಜಿ’ ಎಂದು ಮಗುವಿಗೆ ಹೇಳುವಂತೆ ಹೇಳುವ ಮಾತು ಎಲ್ಲರಿಗೂ ಹಿತವಲ್ಲ. ಹೇಗೆ ಕರೆಯಬೇಕೆಂದು ಮೊದಲ ದಿನವೇ ಅವರನ್ನೇ ಕೇಳಿ ಬರೆದಿಡಿ. ಅವರು ಅಲ್ಲೇ ಇರುವಾಗ ಮನೆಯವರನ್ನು ‘ಇವರು ಊಟ ಮಾಡಿದ್ರಾ?’ ಎಂದು ಕೇಳುವುದಕ್ಕಿಂತ ದೊಡ್ಡ ಅವಮಾನ ಇಲ್ಲ.

ಮೊದಲು ಹೇಳಿದ ‘ಇದ್ದೇನು ಉಪಯೋಗ’ಕ್ಕೆ ಮತ್ತೆ ಬರೋಣ. ಅದನ್ನು ಹಿಂದಿರುಗಿಸಿದ ಮೇಲೆ ನೇರವಾಗಿ ಕೇಳಲೇಬೇಕು: ‘ಸಾಯಬೇಕು ಅಂತ ಅನ್ನಿಸ್ತಿದೆಯಾ? ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದೆಯಾ?’ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆಗೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ‘ಹಾಗೇನೂ ಯೋಚನೆ ಇಲ್ಲ ಅಲ್ವಾ?’ ಎಂದು ಕೇಳುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು. ‘ಇಲ್ಲ’ ಎಂಬ ಉತ್ತರವನ್ನು ನಾವೇ ಕೈಗೆ ಕೊಟ್ಟಿರುತ್ತೇವೆ. ಯೋಚನೆ ಇದೆ ಅಂದರೆ ಹೇಗೆ, ಯಾವಾಗ, ಅದಕ್ಕೆ ಬೇಕಾದದ್ದು ಕೈಗೆಟುಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ, ಈಗ ಜೊತೆಗೆ ಯಾರಿದ್ದಾರೆ ಎಂದು ಕೇಳಬೇಕು. ‘ಸಾವು ತಾನಾಗಿ ಬಂದ್ರೆ ಸಾಕು’ ಎಂಬುದಕ್ಕೂ ಕೂಡಿಟ್ಟ ಮಾತ್ರೆಗೂ ವ್ಯತ್ಯಾಸವಿದೆ, ಆದರೆ ಎರಡನ್ನೂ ಮೇಲಿನವರಿಗೆ ತಿಳಿಸಬೇಕು. ಸಿದ್ಧತೆ ಇದೆ ಎಂದು ಕಂಡರೆ ಒಂಟಿಯಾಗಿ ಬಿಡಬಾರದು, ಆ ವಸ್ತು ಅವರ ಕೈಗೆ ಸಿಗದಂತೆ ಮಾಡಬೇಕು, ಆ ಗಳಿಗೆಯಲ್ಲೇ ವೈದ್ಯರ ನೆರವು ಪಡೆಯಬೇಕು. ಇದಕ್ಕಾಗಿಯೇ ಮೊದಲ ಭೇಟಿಯಲ್ಲಿ ‘ನೀವು ಹೇಳಿದ್ದು ನನ್ನಲ್ಲೇ ಇರುತ್ತೆ, ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಇನ್ನೊಬ್ಬರಿಗೆ ಹೇಳ್ತೀನಿ’ ಎಂಬ ಮಿತಿಯನ್ನು ಹೇಳಿಡುವುದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟವರು ಈ ಹೊತ್ತಿನಲ್ಲಿ ಎರಡೂ ಕಡೆಯಿಂದ ಸಿಕ್ಕಿಬೀಳುತ್ತಾರೆ.

ಚೆನ್ನಾಗಿ ನಡೆದಿದ್ದ ಸಂಬಂಧವೂ ಮಧ್ಯೆ ಮುರಿಯುತ್ತದೆ. ಕೂಗಾಡಿದರೆ ತಿಳಿಯುತ್ತದೆ, ತಿಳಿಯದೇ ಹೋಗುವುದು ಹಿಂಜರಿಕೆ. ಎಲ್ಲಕ್ಕೂ ‘ಸರಿ’, ಉತ್ತರ ಎರಡು ಪದಕ್ಕೆ ಇಳಿಯುವುದು, ಮುಂದಿನ ಭೇಟಿಗೆ ನೆಪ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ ಈ ಸಂಬಂಧವನ್ನು ಗುರಿ, ಮಾಡುವ ಕೆಲಸ, ನಂಟು ಎಂದು ಮೂರಾಗಿ ಬಿಡಿಸಿದ್ದು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ನಾವು ನಂಟು ಕೆಟ್ಟಿದೆಯೆಂದು ಇನ್ನಷ್ಟು ನಯವಾಗಿ ಮಾತಾಡುತ್ತಿರುತ್ತೇವೆ, ಕೆಟ್ಟಿರುವುದು ಗುರಿ. ಒಬ್ಬನನ್ನು ಮನೆಯವರು ಕರೆತಂದದ್ದು ಕುಡಿತ ಬಿಡಿಸಲು, ಅವನಿಗೆ ಬೇಕಿರುವುದು ಮನೆಯಲ್ಲಿ ಜಗಳ ನಿಲ್ಲುವುದು. ‘ನಾನು ಕುಡಿತದ ಬಗ್ಗೆಯೇ ಮಾತಾಡ್ತಾ ಹೋದೆ, ನಿಮಗೆ ಬೇಕಾಗಿದ್ದು ಬೇರೆ ಇತ್ತು ಅನ್ಸುತ್ತೆ’ ಎಂದು ತಪ್ಪಿನ ನಮ್ಮ ಪಾಲನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡು ಸುಮ್ಮನಾಗಬೇಕು. ಕ್ಷಮೆಯನ್ನು ಉದ್ದ ಎಳೆದರೆ ಅವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಅಭ್ಯಾಸಕ್ಕೆ ಧ್ವನಿಮುದ್ರಣದಷ್ಟು ಒಳ್ಳೆಯ ಗುರು ಇಲ್ಲ. ಲಿಖಿತ ಒಪ್ಪಿಗೆ ಪಡೆದು ಹತ್ತು ನಿಮಿಷ ಮುದ್ರಿಸಿ, ಕೇಳಿ, ಕಲಿತಾದ ಮೇಲೆ ಅಳಿಸಿಬಿಡಿ. ಕಾಗದದ ಮೇಲೆ ಮೂರು ಕಾಲಂ ಎಳೆದುಕೊಳ್ಳಿ: ಪ್ರಶ್ನೆ, ಹಿಂದಿರುಗಿಸಿದ್ದು, ಬುದ್ಧಿವಾದ. ಎಲ್ಲಿ ಬುದ್ಧಿವಾದ ಬಂತೋ ಅಲ್ಲಿ ನಿಲ್ಲಿಸಿ, ಅದಕ್ಕೆ ಸ್ವಲ್ಪ ಮೊದಲು ಅವರು ಏನು ಹೇಳಿದ್ದರು ಎಂದು ಹಿಂದಕ್ಕೆ ಹೋಗಿ ಕೇಳಿ. ಅದರ ಪಕ್ಕದಲ್ಲಿ, ಆಗ ಹೇಳಬಹುದಾಗಿದ್ದ ಒಂದು ಸಣ್ಣ ವಾಕ್ಯ ಬರೆಯಿರಿ.