ಮೌಸಿನ ಹೊಟ್ಟೆಯೊಳಗೊಂದು ಕ್ಯಾಮೆರಾ

ಹೋದ ದೀಪಾವಳಿಯ ಹಿಂದಿನ ವಾರ ಅಣ್ಣನ ಮಗನ ಜೊತೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಹೋಗಿದ್ದೆ. ಹುಡುಗ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಗೇಮಿಂಗ್ ಮೌಸ್ ಕೊಳ್ಳಬೇಕೆಂದು ಉಳಿಸಿಟ್ಟಿದ್ದ ಸಾವಿರದ ಇನ್ನೂರು ರೂಪಾಯಿ ಅವನ ಕಿಸೆಯಲ್ಲಿತ್ತು. ಅಂಗಡಿಯವರು ಎರಡು ಡಬ್ಬಿ ಮುಂದಿಟ್ಟರು. ಒಂದು ಮೌಸಿನ ಮೈಯೆಲ್ಲ ಬಣ್ಣದ ದೀಪ, ಡಬ್ಬಿಯ ಮೇಲೆ ದೊಡ್ಡದಾಗಿ 12800 ಡಿಪಿಐ. ಇನ್ನೊಂದು ಸಾದಾ ಕಪ್ಪು ಮೌಸ್, 6200 ಡಿಪಿಐ, ಬೆಲೆ ಮಾತ್ರ ಇನ್ನೂರು ರೂಪಾಯಿ ಜಾಸ್ತಿ.

"ಡಿಪಿಐ ಜಾಸ್ತಿ ಇದ್ದಷ್ಟೂ ಗುರಿ ಕರೆಕ್ಟ್ ಕೂಡ್ತೈತ್ರಿ," ಎಂದರು ಅಂಗಡಿಯವರು.

"ಕಾಕಾ, ಇದು ಡಬಲ್ ಐತಿ, ಮ್ಯಾಲ ರೇಟೂ ಕಮ್ಮಿ. ಇದನ್ನ ತಗೊಳ್ಳೂಣೇನ್ರಿ?" ಎಂದ ಹುಡುಗ.

ಈ ಒಂದು ನಂಬಿಕೆ ಎಷ್ಟು ಹುಡುಗರ ದುಡ್ಡು ತಿನ್ನುತ್ತಿದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಕೌಂಟರಿನ ಮೇಲೆ ಒಂದು ಬಿಲ್ಲಿನ ಹಾಳೆ ತಿರುವಿ ಹಾಕಿ ಲೆಕ್ಕ ಮಾಡಿ ತೋರಿಸಿದೆ. ಅದೇ ಲೆಕ್ಕ ನಿಮಗೂ.

ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಅದು ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬ ಸಂಖ್ಯೆ, ಅಷ್ಟೇ. ಮನೆಯ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕಿಗಳಿರುತ್ತವೆ. ಒಂದು ಹೆಜ್ಜೆಗೆ ಒಂದು ಚುಕ್ಕಿ ಎಂದಿಟ್ಟುಕೊಳ್ಳಿ. 800 ಡಿಪಿಐ ಇದ್ದರೆ ಕರ್ಸರ್ ಪರದೆ ದಾಟಲು ಕೈ ಆರು ಸೆಂಟಿಮೀಟರ್ ಸರಿಯಬೇಕು. 12800 ಇದ್ದರೆ ನಾಲ್ಕು ಮಿಲಿಮೀಟರ್ ಕೂಡ ಬೇಡ. ಒಂದು ಜೋಳದ ಕಾಳಿನ ಅಗಲದಷ್ಟು ಕೈ ಅಲುಗಿದರೆ ಕರ್ಸರ್ ಈ ತುದಿಯಿಂದ ಆ ತುದಿಗೆ ಹಾರಿರುತ್ತದೆ. ಇಂಥದರಲ್ಲಿ ಗುರಿ ಇಡಲು ಯಾರಿಂದ ಆಗುತ್ತದೆ? ಅದಕ್ಕೇ ಶೂಟಿಂಗ್ ಗೇಮನ್ನು ಮನಸ್ಸಿಟ್ಟು ಆಡುವವರು ಸಾಮಾನ್ಯವಾಗಿ 400ರಿಂದ 1600ರ ಒಳಗೇ ಇಟ್ಟುಕೊಂಡಿರುತ್ತಾರೆ. ಮಿಕ್ಕ ಸಂಖ್ಯೆಯೆಲ್ಲ ಡಬ್ಬಿಯ ಮೇಲೆ ಉಳಿಯುತ್ತದೆ.

ಇನ್ನೊಂದು ಮಾತಿದೆ. ಅಗ್ಗದ ಮೌಸುಗಳಲ್ಲಿ ಆ ದೊಡ್ಡ ಸಂಖ್ಯೆ ಎಷ್ಟೋ ಸಲ ನಿಜವಾದ ಎಣಿಕೆಯೇ ಅಲ್ಲ. ಒಳಗಿನ ಚಿಪ್ ಎಣಿಸುವುದು 6400. ಸಾಫ್ಟ್‌ವೇರ್ ಅದನ್ನು ಎರಡರಿಂದ ಗುಣಿಸಿ ಕಳಿಸುತ್ತದೆ. ಒಂದು ರೊಟ್ಟಿ ಮುರಿದು ಎರಡು ರೊಟ್ಟಿ ಎಂದು ಎಣಿಸಿದ ಹಾಗೆ.

ಹಾಗಾದರೆ ನೋಡಬೇಕಾದ್ದು ಏನನ್ನು? ಮೌಸನ್ನು ಅಂಗಾತ ಮಾಡಿ, ಹೊಟ್ಟೆಯ ಮೇಲಿರುವ ಆ ಪುಟ್ಟ ಕುಳಿಯನ್ನು. ಅಲ್ಲಿ ಕೂತಿರುವುದು ಒಂದು ಕ್ಯಾಮೆರಾ. ನನಗೆ ಇದು ಗೊತ್ತಾದ ದಿನದ ಖುಷಿ ಇವತ್ತಿಗೂ ಇಳಿದಿಲ್ಲ. ಕೈಯಡಿಯ ಮೌಸ್ ಮೇಜಿನ ಫೋಟೋ ತೆಗೆಯುತ್ತಾ ಇರುತ್ತದೆ, ಸೆಕೆಂಡಿಗೆ ಸಾವಿರಗಟ್ಟಲೆ!

ಈ ಕ್ಯಾಮೆರಾ ನಮ್ಮ ಫೋನಿನದಕ್ಕಿಂತ ತುಂಬಾ ಬಡವ. ಆಫೀಸಿನ ಸಾದಾ ಮೌಸುಗಳಲ್ಲಿ ಬಂದ ಒಂದು ಹಳೆಯ ಚಿಪ್ಪಿನಲ್ಲಿ ಉದ್ದಕ್ಕೆ 18, ಅಡ್ಡಕ್ಕೆ 18, ಒಟ್ಟು 324 ಚೌಕಗಳು ಮಾತ್ರ. ಅದು ನೋಡುವ ಜಾಗ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಅಗಲ. ಅಷ್ಟರಲ್ಲಿ ಏನು ಕಂಡೀತು? ನಯವಾದ ಮೇಜಿನ ಮೇಲೂ ಒಂದು ಲೋಕವೇ ಕಾಣುತ್ತದೆ. ಗುಟ್ಟು ಬೆಳಕಿನ ಓರೆಯಲ್ಲಿದೆ.

ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲವನ್ನು ನಡುಮಧ್ಯಾಹ್ನ ನೋಡಿ. ಬಿಸಿಲು ನೆತ್ತಿಯ ಮೇಲಿದ್ದಾಗ ನೆಲ ಒಂದೇ ಸಮ ಕರಿ ಹಾಸಿನಂತೆ ಕಾಣುತ್ತದೆ. ಅದೇ ಹೊಲವನ್ನು ಸಂಜೆ ಐದೂವರೆಗೆ ನೋಡಿ. ಸೂರ್ಯ ಕೆಳಗಿಳಿದಿದ್ದಾನೆ, ಒಂದೊಂದು ಹೆಂಟೆಗೂ ಉದ್ದನೆಯ ನೆರಳು. ಮೌಸಿನ ಎಲ್‌ಇಡಿ ಬೆಳಕೂ ಹೀಗೆ ಸಂಜೆಯ ಬಿಸಿಲಿನಂತೆ ಓರೆಯಾಗಿ ಬೀಳುತ್ತದೆ. ಬಟ್ಟೆಯ ಎಳೆ, ಕಾಗದದ ನಾರು, ಕಟ್ಟಿಗೆಯ ಗೆರೆ ಎಲ್ಲಕ್ಕೂ ನೆರಳು ಮೂಡುತ್ತದೆ. ಆ ನೆರಳುಗಳ ಚಿತ್ತಾರವೇ ಕ್ಯಾಮೆರಾಗೆ ಗುರುತು. ಗಾಜಿನ ಮೇಲೆ ಮೌಸ್ ಓಡದಿರುವುದೂ ಇದಕ್ಕೇ. ಅಲ್ಲಿ ನೆರಳು ಬೀಳಿಸುವ ಹೆಂಟೆಗಳೇ ಇಲ್ಲ. ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟ್ ಕಟ್ಟೆಯ ಮೇಲೆ ಅದು ಕಕ್ಕಾಬಿಕ್ಕಿಯಾಗುವುದೂ ಇದಕ್ಕೇ.

ಇನ್ನು ಮುಖ್ಯ ಕೆಲಸ. ಚಿಪ್ ಒಂದು ಚಿತ್ರ ತೆಗೆಯಿತು. ಮರುಕ್ಷಣ ಇನ್ನೊಂದು ತೆಗೆಯಿತು. ಈಗ ಎರಡನ್ನೂ ಒಂದರ ಮೇಲೊಂದು ಇಟ್ಟು, ಎರಡನೆಯದನ್ನು ಒಂದು ಚೌಕ ಎಡಕ್ಕೆ ಸರಿಸಿ ನೋಡುತ್ತದೆ. ಹೊಂದಲಿಲ್ಲ. ಬಲಕ್ಕೆ ಸರಿಸುತ್ತದೆ. ಮೇಲಕ್ಕೆ, ಕೆಳಕ್ಕೆ, ಮೂಲೆಗೆ. ಎಲ್ಲಿ ಚೆನ್ನಾಗಿ ಕೂಡುತ್ತದೋ ಅಷ್ಟು ದೂರ ಮೌಸ್ ಸರಿದಿದೆ ಎಂದು ಲೆಕ್ಕ.

ಗದುಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆಯಲ್ಲ, ಅಲ್ಲಿನ ಪ್ರೆಸ್ಸಿನಲ್ಲಿ ಬಣ್ಣದ ಅಚ್ಚು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ನೀಲಿಯ ಮೇಲೆ ಕೆಂಪು ಕೂರಬೇಕು, ಕೆಂಪಿನ ಮೇಲೆ ಹಳದಿ. ಕೂದಲೆಳೆಯಷ್ಟು ತಪ್ಪಿದರೂ ದೇವರ ಮುಖಕ್ಕೆ ಎರಡು ಅಂಚು. ಮಷಿನ್ ನಡೆಸುವವರು ಒಂದು ಹಾಳೆ ತೆಗೆದು ನೋಡುತ್ತಾರೆ, ಚೂರು ಸರಿಸುತ್ತಾರೆ, ಮತ್ತೆ ನೋಡುತ್ತಾರೆ. ಮೌಸ್ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಇನ್ನೂ ಹೇಳಬೇಕೆಂದರೆ, ರಾತ್ರಿ ರೈಲಿನಲ್ಲಿ ನಿದ್ದೆಯಿಂದೆದ್ದವರು ಕಿಟಕಿಯಾಚೆ ಇಣುಕಿ, ಆಗ ಮುಂದಿದ್ದ ದೀಪ ಈಗ ಹಿಂದಾಯಿತು, ಅಂದರೆ ಗಾಡಿ ಹೊರಟಿದೆ ಎಂದುಕೊಳ್ಳುತ್ತಾರಲ್ಲ, ಅದೇ ಬುದ್ಧಿ.

ಆದರೆ ಗಾಡಿ ತುಂಬಾ ಜೋರಾಗಿ ಓಡಿದರೆ? ಒಮ್ಮೆ ಇಣುಕಿ ಕಣ್ಣು ಮುಚ್ಚಿದಿರಿ. ಮತ್ತೆ ತೆರೆಯುವಷ್ಟರಲ್ಲಿ ಹಿಂದಿನ ಒಂದು ದೀಪವೂ ಕಿಟಕಿಯಲ್ಲಿಲ್ಲ. ಈಗ ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಸೆಕೆಂಡಿಗೆ 1500 ಚಿತ್ರ ತೆಗೆಯುವ ಸಾದಾ ಮೌಸನ್ನು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸಿ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅದು ಮಿಲಿಮೀಟರಿನ ಮೂರನೇ ಎರಡು ಭಾಗ ಸರಿದಿರುತ್ತದೆ. ಅದು ನೋಡುವುದೇ ಒಂದು ಮಿಲಿಮೀಟರ್ ಜಾಗ. ಎರಡೂ ಚಿತ್ರದಲ್ಲಿ ಇರುವ ಭಾಗ ಮೂರನೇ ಒಂದು ಮಾತ್ರ. ಚಿಪ್ ದಾರಿ ತಪ್ಪುತ್ತದೆ, ಕರ್ಸರ್ ಮುಗಿಲು ನೋಡುತ್ತಾ ನಿಲ್ಲುತ್ತದೆ. ಗೇಮಿಂಗ್‌ಗೆ ಹೆಸರಾದ ಪಿಕ್ಸ್‌ಆರ್ಟ್ 3360 ಎಂಬ ಚಿಪ್ ಸೆಕೆಂಡಿಗೆ 12000 ಚಿತ್ರದ ತನಕ ತೆಗೆಯಬಲ್ಲದು. ಅದೇ ವೇಗಕ್ಕೆ ಎರಡು ಚಿತ್ರಗಳ ನಡುವೆ ಸರಿಯುವುದು ಮಿಲಿಮೀಟರಿನ ಹನ್ನೆರಡನೇ ಒಂದು ಭಾಗ. ಹೊಂದಿಸಲು ಬೇಕಾದಷ್ಟು ಉಳಿಯುತ್ತದೆ.

ಅಂದರೆ ಗೇಮಿಂಗ್ ಮೌಸ್ ಎನ್ನಿಸಿಕೊಳ್ಳುವ ಯೋಗ್ಯತೆ ಬರುವುದು ಬೀಸಿದಾಗ ದಾರಿ ತಪ್ಪದಿರುವುದರಿಂದ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ಅದನ್ನು ಐಪಿಎಸ್ ಎಂದು ಬರೆದಿರುತ್ತಾರೆ, ಸೆಕೆಂಡಿಗೆ ಎಷ್ಟು ಇಂಚು ಎಂದು ಅರ್ಥ. ಆ ಕಪ್ಪು ಮೌಸಿನ ಮೇಲೆ ಚಿಪ್ಪಿನ ಹೆಸರೂ ಇತ್ತು, 220 ಐಪಿಎಸ್ ಎಂದೂ ಇತ್ತು. ಸೆಕೆಂಡಿಗೆ ಐದೂವರೆ ಮೀಟರ್! ಬಣ್ಣದ ಮೌಸಿನ ಡಬ್ಬಿಯನ್ನು ಆರೂ ಬದಿ ತಿರುಗಿಸಿದೆವು. ಚಿಪ್ಪಿನ ಹೆಸರೇ ಇಲ್ಲ. ಹೆಸರು ಹೇಳದ ಚಿಪ್ಪಿಗೆ ನಾನಂತೂ ದುಡ್ಡು ಕೊಡುವುದಿಲ್ಲ.

ಈ ಕಣ್ಣು ಬರುವ ಮುಂಚಿನ ಕತೆಯನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಯೋಚಿಸಿದ, ಬಿಲ್ ಇಂಗ್ಲಿಷ್ ಕಟ್ಟಿದ ಮೊದಲ ಮೌಸ್ 1964ರದ್ದು. ಮೈ ಕಟ್ಟಿಗೆಯದು, ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಗಾಲಿ. ಅದನ್ನು ಜನರ ಮುಂದೆ ನಡೆಸಿ ತೋರಿಸಿದ್ದು 1968ರ ಡಿಸೆಂಬರ್ 9ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆಮೇಲೆ ಗಾಲಿಯ ಬದಲು ಚೆಂಡು ಬಂತು. ಧಾರವಾಡದ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತವರಿಗೆ ಆ ಚೆಂಡು ನೆನಪಿರುತ್ತದೆ, ಅಲ್ವಾ? ಅದನ್ನು ಹೊರತೆಗೆದು, ಒಳಗಿನ ರೋಲರಿಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆದು ಮತ್ತೆ ಹಾಕುತ್ತಿದ್ದೆವು. ಬೆಳಕಿನ ಮೌಸನ್ನು 1980ರ ಹೊತ್ತಿಗೇ ರಿಚರ್ಡ್ ಲಯನ್ ಮತ್ತು ಸ್ಟೀವ್ ಕಿರ್ಷ್ ಬೇರೆ ಬೇರೆಯಾಗಿ ಮಾಡಿದ್ದರು. ಆದರೆ ಅವು ನಡೆಯಲು ಚುಕ್ಕಿಯೋ ಗೆರೆಯೋ ಇರುವ ವಿಶೇಷ ಹಾಸು ಬೇಕಿತ್ತು. ಯಾವುದೇ ಮೇಜಿನ ಮೇಲೆ ನಡೆಯುವ ಮೌಸ್ ಪೇಟೆಯಲ್ಲಿ ಹರಡಿದ್ದು 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ. ಸೆಕೆಂಡಿಗೆ 1500 ಚಿತ್ರ ತೆಗೆಯುತ್ತಿದ್ದುದು ಅದರ ಕಣ್ಣೇ.

ಈಗ ಹಾಸಿನ ವಿಷಯ. ಗೇಮಿಂಗ್ ಪ್ಯಾಡಿಗೆ ಸಾವಿರಾರು ರೂಪಾಯಿ ಬೇಡ. ಕಣ್ಣಿಗೂ ಹಾಸಿಗೂ ನಡುವೆ ಇರಬೇಕಾದ ಅಂತರ ಎರಡೂವರೆ ಮಿಲಿಮೀಟರಿಗೂ ಚೂರು ಕಮ್ಮಿ. ಅದು ಏರಿಳಿಯಬಾರದು. ನವಲಗುಂದದ ಜಮಖಾನದ ಮೇಲೆ ಓಡಿಸಿ ನೋಡಿದ್ದೇನೆ. ಗುರುತಿಗೆ ನೂಲು ಬೇಕಾದಷ್ಟಿದೆ, ಆದರೆ ದಪ್ಪ ಎಳೆಯ ಉಬ್ಬುತಗ್ಗಿಗೆ ಮೌಸ್ ಕುಣಿಯುತ್ತದೆ. ಒತ್ತಾಗಿ ನೇಯ್ದ ತೆಳು ಬಟ್ಟೆ, ಅಡಿಗೆ ರಬ್ಬರು. ಇನ್ನೂರು ಮುನ್ನೂರು ರೂಪಾಯಿಯ ದೊಡ್ಡ ಪ್ಯಾಡ್ ಸಾಕು. ಸಣ್ಣದು ಮಾತ್ರ ತರಬೇಡಿ. ಡಿಪಿಐ ಕಮ್ಮಿ ಇಟ್ಟರೆ ಕೈಗೆ ಜಾಗ ಬೇಕು.

ನಮ್ಮ ಮನೆಯಲ್ಲಿ ಒಮ್ಮೆ ಆಯುಧಪೂಜೆಯ ಮರುದಿನ ಕರ್ಸರ್ ತಾನಾಗಿ ನಡುಗತೊಡಗಿತು. ಹಿರಿಯರೊಬ್ಬರು "ದೃಷ್ಟಿ ಆಗೇತಿ, ನಿಂಬೆಹಣ್ಣು ಇಳಿಸಿ ಒಗೀರಿ" ಎಂದರು. ಮೌಸ್ ತಿರುವಿ ನೋಡಿದೆ. ಕಣ್ಣಿನ ಕುಳಿಯಲ್ಲಿ ಅರಿಸಿನದ ಪುಡಿ ಮೆತ್ತಿತ್ತು. ಮೇಜಿನ ಚಿತ್ರ ಸರಿದಿದೆ ಎನ್ನುತ್ತದೆ, ಮೆತ್ತಿದ ಪುಡಿ ಇಲ್ಲೇ ಇದ್ದೇವೆ ಎನ್ನುತ್ತದೆ. ಚಿಪ್ ಯಾರ ಮಾತು ಕೇಳಬೇಕು? ಒಣ ಹತ್ತಿಯ ಕಡ್ಡಿಯಿಂದ ಒರೆಸಿದೆ, ನಡುಕ ನಿಂತಿತು. ಪೂಜೆ ಮಾಡಿ, ಕುಂಕುಮ ಹಚ್ಚಿ, ಬೇಡ ಎನ್ನುವುದಿಲ್ಲ. ಬೆನ್ನಿಗೆ ಹಚ್ಚಿ, ಹೊಟ್ಟೆಗೆ ಬೇಡ. ಹಾಗೇ ಕಾರಣ ಕಣ್ಣಿಗೆ ಕಾಣುವಲ್ಲೇ ಇರುವಾಗ ಅದನ್ನು ದೃಷ್ಟಿಯ ಮೇಲೆ ಹಾಕುವುದು ಮಕ್ಕಳ ಮುಂದಂತೂ ಬೇಡ.

ಬಣ್ಣದ ದೀಪದ ನಂಬಿಕೆಯೂ ಇಂಥದೇ. ಬ್ಯಾಡಗಿ ಮೆಣಸಿನಕಾಯಿ ಗೊತ್ತಿರುವ ಹಾವೇರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಚ್ಚ ಕೆಂಪು ಬಣ್ಣ, ಖಾರ ಕಮ್ಮಿ. ಬಣ್ಣ ಬೇರೆ, ಖಾರ ಬೇರೆ. ಬ್ಯಾಡಗಿಯನ್ನು ನಾವು ಬಣ್ಣಕ್ಕೆಂದೇ ಕೊಳ್ಳುತ್ತೇವೆ, ಅದು ಸರಿ. ಮೌಸಿನ ದೀಪವನ್ನೂ ಚೆಂದಕ್ಕೆಂದು ಕೊಂಡರೆ ತಕರಾರಿಲ್ಲ. ವೇಗಕ್ಕೆಂದು ಕೊಳ್ಳಬೇಡಿ.

ಪೋಲಿಂಗ್ ರೇಟ್ ಎಂಬ ಇನ್ನೊಂದು ಸಂಖ್ಯೆ ಇದೆ. ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ ಎಂಬುದು. ಸಾದಾ ಮೌಸಿನಲ್ಲಿ 125, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಗೇಮಿಂಗ್ ಮೌಸಿನಲ್ಲಿ 1000, ಮಿಲಿಸೆಕೆಂಡಿಗೊಮ್ಮೆ. ಇದು ಬೇಕು. ಅದಕ್ಕಿಂತ ಮೇಲಿನದಕ್ಕೆ ದುಡ್ಡು ಸುರಿಯಬೇಡಿ. 60 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆ, ಹೊಸ ಚಿತ್ರ ತೋರಿಸುವುದೇ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಆನ್‌ಲೈನ್ ಗೇಮಿನ ಸರ್ವರ್, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್, ಮುಂಬೈಯಲ್ಲಿದೆ ಎಂದುಕೊಳ್ಳಿ. ಇಂಟರ್ನೆಟ್ ಕೇಬಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಓಡುವುದು ಸುಮಾರು ಎರಡು ಲಕ್ಷ ಕಿಲೋಮೀಟರ್. ಹುಬ್ಬಳ್ಳಿಯಿಂದ ಐನೂರು ಕಿಲೋಮೀಟರಿಗೂ ಜಾಸ್ತಿ ದಾರಿ ಹೋಗಿ ಬರಲು ಬೆಳಕಿಗೇ 5 ಮಿಲಿಸೆಕೆಂಡು ಬೇಕು. ನಡುವಿನ ಯಂತ್ರಗಳು ತಿನ್ನುವ ಹೊತ್ತು ಬೇರೆ. ವೈಫೈ ಬಿಟ್ಟು ಒಂದು ಲ್ಯಾನ್ ಕೇಬಲ್ ಹಾಕಿದರೆ ಎಷ್ಟೋ ಸಲ ದುಬಾರಿ ಮೌಸಿಗಿಂತ ಜಾಸ್ತಿ ಲಾಭ.

ಸ್ವಿಚ್ಚಿನ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಕಂಪನಿಯ ಮೌಸ್ ವರ್ಷ ತುಂಬುವ ಮುಂಚೆ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗತೊಡಗಿತು. ಒಳಗಿರುವುದು ಒಂದು ಪುಟ್ಟ ತಾಮ್ರದ ಪಟ್ಟಿ. ತುದಿ ಸವೆದರೆ, ಕಿಲುಬು ಕಟ್ಟಿದರೆ ಅದು ತಾಗಿ, ಪುಟಿದು, ಮತ್ತೆ ತಾಗುತ್ತದೆ. ಒಂದು ಕೋಟಿ ಕ್ಲಿಕ್ ಎಂದು ಡಬ್ಬಿಯ ಮೇಲಿತ್ತು. ದಿನಕ್ಕೆ ಐದು ಸಾವಿರದಂತೆ ಐದು ವರ್ಷ ದಾಟಬೇಕಿತ್ತು. ಬಿಲ್ ಕಳೆದುಕೊಂಡಿದ್ದರಿಂದ ಬದಲಿಸಿ ಕೊಡಲಿಲ್ಲ. ಬಿಲ್ಲಿನ ಫೋಟೋ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಮಿಕ್ಕ ಸಾಮಾನುಗಳದ್ದು ಬೇಗ ಹೇಳುತ್ತೇನೆ. ಕಡಿಮೆ ಬೆಲೆಯ ಕೀಬೋರ್ಡಿನಲ್ಲಿ ಕೀಲಿಗಳ ತಂತಿ ಅಡ್ಡ ಸಾಲು, ಉದ್ದ ಸಾಲು ಎಂದು ಹಂಚಿಕೊಂಡಿರುತ್ತದೆ. ಕೆಲವು ಮೂರು ಕೀಲಿ ಒಟ್ಟಿಗೆ ಒತ್ತಿದರೆ ನಾಲ್ಕನೆಯದನ್ನು ಒತ್ತಿದ್ದೀರೋ ಇಲ್ಲವೋ ಎಂದು ಕೀಬೋರ್ಡಿಗೆ ಗೊಂದಲವಾಗುತ್ತದೆ. ಗೇಮಿನಲ್ಲಿ ಓಡುತ್ತಾ ಓರೆಗೆ ಹಾರಲು ಬೇಕಾದ ಕೀಲಿಗಳನ್ನು ಅಂಗಡಿಯಲ್ಲೇ ಒಟ್ಟಿಗೆ ಒತ್ತಿ ನೋಡಿ. ಹೆಡ್‌ಫೋನಿನ ಮೇಲೆ 7.1, ಅಂದರೆ ಸುತ್ತ ಎಂಟು ಸ್ಪೀಕರ್ ಇಟ್ಟಂಥ ಸದ್ದು, ಎಂದಿದ್ದರೆ ಮರುಳಾಗಬೇಡಿ. ನಮಗಿರುವುದು ಎರಡೇ ಕಿವಿ. ಗೇಮಿನ ಶತ್ರು ಎಡಗಡೆ ಇದ್ದಾನೆಂದು ತಿಳಿಯುವುದು, ಸದ್ದು ಎಡಗಿವಿಗೆ ಮಿಲಿಸೆಕೆಂಡಿಗಿಂತ ಕಮ್ಮಿ ಹೊತ್ತು ಮೊದಲು, ಚೂರು ಜೋರಾಗಿ ಮುಟ್ಟುವುದರಿಂದ. ಒಳ್ಳೆಯ ಎರಡು ಸ್ಪೀಕರಿನ ಸಾದಾ ಹೆಡ್‌ಫೋನ್ ಅದನ್ನು ಚೆನ್ನಾಗೇ ಮಾಡುತ್ತದೆ. ಮೌಸಿನ ತೂಕ ನೂರು ಗ್ರಾಮಿನ ಒಳಗಿರಲಿ. ಈ ಬೆಲೆಗೆ ತಂತಿಯದ್ದೇ ಒಳ್ಳೆಯದು.

ಕಪ್ಪು ಮೌಸನ್ನೇ ತಂದೆವು. ಮನೆಗೆ ಬಂದು ಡಿಪಿಐ 800ಕ್ಕೆ ಇಳಿಸಿ, ಕೈ ಜೋರಾದಷ್ಟೂ ಕರ್ಸರನ್ನು ಹೆಚ್ಚು ಓಡಿಸುವ ವಿಂಡೋಸಿನ ಸೆಟ್ಟಿಂಗ್ ಆಫ್ ಮಾಡಿ, ಪೇಂಟ್ ತೆರೆದೆವು. ಪ್ಯಾಡಿನ ಮೇಲೆ ಮೌಸಿನ ಎಡಕ್ಕೆ ಒಂದು ಪುಸ್ತಕ, ಬಲಕ್ಕೆ ಒಂದು ಪುಸ್ತಕ ಇಟ್ಟೆವು. ಕರ್ಸರ್ ಪರದೆಯ ಅಂಚಿಗೆ ಬಡಿಯದ ಹಾಗೆ, ಮೌಸ್ ಸರಿಯಲು ನಾಲ್ಕೈದು ಸೆಂಟಿಮೀಟರ್ ಜಾಗ ಮಾತ್ರ ಬಿಟ್ಟೆವು. ಒಂದಕ್ಕೆ ತಾಗಿಸಿ ಮೆಲ್ಲಗೆ ಇನ್ನೊಂದಕ್ಕೆ ಒಯ್ಯಬೇಕು, ರಪ್ಪನೆ ವಾಪಸ್ ಬೀಸಬೇಕು. ಕರ್ಸರ್ ಹೊರಟ ಜಾಗಕ್ಕೇ ಬಂದರೆ ಕಣ್ಣು ದಾರಿ ತಪ್ಪಿಲ್ಲ ಎಂದರ್ಥ. ಹತ್ತು ಸಲ ಬೀಸಿದ, ಹತ್ತೂ ಸಲ ಬಂತು. ಅದೇ 800 ಡಿಪಿಐಯಲ್ಲಿ ಆಡಲು ಕೂತ. ಎರಡು ದಿನ "ಬಾಳ ನಿಧಾನ ಆತು ಕಾಕಾ" ಎಂದು ಗೊಣಗಿದ. ಮೂರನೆಯ ದಿನ ಹೋಗಿ ನೋಡಿದರೆ, ಕೈ ಬೀಸಲು ಜಾಗ ಸಾಲದೆಂದು ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಕಿಟಕಿಯ ಕಟ್ಟೆಗೆ ಸಾಗಿಸಿದ್ದ.