ಚಿಗುರು ನೋಡಿ ಗಿಡ ಮಾರಬೇಡಿ

ಗಾರ್ಡನ್ ಕ್ಲಬ್‌ಗಳು ನಿಧಿ ಕೂಡಿಸಲು ಗಿಡ ಮಾರುತ್ತವೆ. ಒಳ್ಳೆಯ ಕೆಲಸ. ದರ ಎಷ್ಟು ಇಡಬೇಕು, ಪೆಂಡಾಲ್ ಎಲ್ಲಿ ಹಾಕಬೇಕು ಅನ್ನೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಧಾರವಾಡದಲ್ಲಿ ನರ್ಸರಿ ನಡೆಸುವ ನಾನು ಹೇಳಬೇಕಾದ್ದು ಒಂದೇ ಮಾತು. ಎಷ್ಟು ಸಲ ಹೇಳಿದರೂ ಅದೇ ತಪ್ಪು ನಡೆಯುತ್ತದೆ. ಕಟಿಂಗ್, ಅಂದರೆ ಕತ್ತರಿಸಿ ನೆಟ್ಟ ಕಡ್ಡಿ, ಚಿಗುರಿತು ಅಂದರೆ ಬೇರು ಬಿಟ್ಟಿತು ಅಂತಲ್ಲ.

ಕಳೆದ ಶ್ರಾವಣದ ಕೊನೆಗೆ ಒಂದು ಕ್ಲಬ್‌ನವರು ಕರೆದಿದ್ದರು. ಅಂಗಳದ ತುಂಬ ದಾಸವಾಳದ ಚೀಲ, ಪ್ರತಿಯೊಂದರಲ್ಲೂ ಎಳೆ ಎಲೆ.

"ಎಷ್ಟ್ ಛಂದ ಚಿಗಿತಾವ ನೋಡ್ರಿ ಸರ. ಈ ರವಿವಾರ ಮಾರಾಕ ಇಡ್ತೀವ್ರಿ."

"ಯಾವಾಗ ಹಚ್ಚಿದ್ರಿ ಅಕ್ಕಾರ?"

"ಪಂಚಮಿ ಆದ ಮ್ಯಾಲ ಹಚ್ಚೀವ್ರಿ."

ಒಂದು ಚೀಲವನ್ನು ಅಂಗೈ ಮೇಲೆ ಮಗುಚಿದೆ. ಮಣ್ಣು ಪುಡಿಪುಡಿಯಾಗಿ ಉದುರಿತು. ಕಡ್ಡಿಯ ತುದಿಯಲ್ಲಿ ಬಿಳಿ ಗಂಟು ಕಟ್ಟಿತ್ತು, ಬೇರು ಒಂದೂ ಇರಲಿಲ್ಲ. ಅವರ ಮುಖ ಸಪ್ಪಗಾಯಿತು. ದಿನಾ ನೀರು ಹಾಕಿ ಮಕ್ಕಳ ಹಾಗೆ ನೋಡಿಕೊಂಡಿದ್ದರು. ನನಗೂ ಬೇಜಾರಾಯಿತು.

ಇದು ಯಾಕೆ ಹೀಗೆ? ಕಡ್ಡಿಯೊಳಗೆ ಮೊದಲೇ ಸಕ್ಕರೆ, ಪಿಷ್ಟ, ನೀರು ಎಲ್ಲ ಕೂಡಿಟ್ಟಿರುತ್ತದೆ. ಎಲೆಯ ಮೊಗ್ಗೆಗಳೂ ಮೊದಲೇ ಇರುತ್ತವೆ. ಸ್ವಲ್ಪ ತೇವ ಸಿಕ್ಕರೆ ಸಾಕು, ಕೂಡಿಟ್ಟದ್ದನ್ನು ಖರ್ಚು ಮಾಡಿಕೊಂಡೇ ಎಲೆ ಬರುತ್ತದೆ. ಬುಟ್ಟಿಯಲ್ಲಿಟ್ಟ ಉಳ್ಳಾಗಡ್ಡಿ ಮಣ್ಣಿಲ್ಲದೆ ಚಿಗುರುತ್ತದಲ್ವಾ, ಹಾಗೇ. ಬೇರು ಮಾತ್ರ ಹೊಸದಾಗಿ ಹುಟ್ಟಬೇಕು. ಕತ್ತರಿಸಿದ ಜಾಗ ಮಾಯಬೇಕು, ಆಮೇಲೆ ಬೇರು ಒಡೆಯಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಎಲೆ ಜಾಸ್ತಿಯಾದರೆ ಇನ್ನೂ ಕಷ್ಟ. ಎಲೆ ನೀರು ಬಿಡುತ್ತಲೇ ಇರುತ್ತದೆ, ಕೆಳಗಿನಿಂದ ಎಳೆದುಕೊಡುವವರು ಯಾರೂ ಇಲ್ಲ. ನೆರಳಲ್ಲಿ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಇದು ಗೊತ್ತಾಗುವುದಿಲ್ಲ. ಕೊಂಡವರು ಚಿಗರಿ ಅನ್ನೋ ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದು ಟೆರೇಸಿನ ಬಿಸಿಲಿಗೆ ಇಡುತ್ತಾರೆ. ಎರಡು ದಿನಕ್ಕೆ ಬಾಡುತ್ತದೆ. ಬಾಡಿತು ಅಂತ ಇನ್ನಷ್ಟು ನೀರು ಸುರಿಯುತ್ತಾರೆ, ಕಡ್ಡಿ ಕೊಳೆಯುತ್ತದೆ. "ನನ್ನ ಕೈಗುಣಾನೇ ಸರಿ ಇಲ್ಲ" ಅಂದುಕೊಂಡು ಗಿಡ ಬೆಳೆಸೋದನ್ನೇ ಬಿಟ್ಟವರನ್ನು ನಾನು ಬಲ್ಲೆ. ಪಾಪ, ಅವರ ಕೈಯಲ್ಲಿ ಏನೂ ದೋಷ ಇರಲಿಲ್ಲ.

ಹಾಗಾದರೆ ಎಷ್ಟು ದಿನ ಬೇಕು? ಗಿಡ, ಹವಾಮಾನ, ಕಡ್ಡಿಯ ವಯಸ್ಸು ನೋಡಿ ಹೆಚ್ಚು ಕಡಿಮೆ ಆಗುತ್ತದೆ. ದೊಡ್ಡಪತ್ರೆ, ಮನಿಪ್ಲಾಂಟ್ ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತವೆ. ದಾಸವಾಳ, ಮಲ್ಲಿಗೆಗೆ ಬೇರು ಬರಲು ಒಂದರಿಂದ ಎರಡು ತಿಂಗಳು, ಆ ಬೇರು ಚೀಲ ತುಂಬಲು ಇನ್ನೊಂದು ತಿಂಗಳು ಇಟ್ಟುಕೊಳ್ಳಿ. ಕಾಗದದ ಹೂವಿನ ಗಿಡ ಇನ್ನೂ ಹಠಮಾರಿ. ಅದರ ಬೇರು ಬಹಳ ಸೂಕ್ಷ್ಮ, ಚೀಲ ಬದಲಿಸುವಾಗಲೇ ಹರಿಯುತ್ತದೆ. ದಸರಾಕ್ಕೆ ಮಾರಬೇಕಾದರೆ ಜೂನ್ ಮಳೆ ಹಿಡಿದ ಕೂಡಲೇ ಕಟಿಂಗ್ ಹಚ್ಚಿ.

ಬೇರು ಬಂದಿದೆಯಾ ಅಂತ ತಿಳಿಯಲು ಕಡ್ಡಿಯನ್ನು ಮೆಲ್ಲಗೆ ಮೇಲೆತ್ತಿ. ಬೇರು ಹಿಡಿದಿದ್ದರೆ ಬಿಗಿ ಗೊತ್ತಾಗುತ್ತದೆ. ದಿನಾ ಎಳೆದು ನೋಡಬೇಡಿ, ಎಳೆ ಬೇರು ಹರಿಯುತ್ತದೆ. ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕಿದರೆ ಇನ್ನೂ ಖಾತ್ರಿ.

ಮೊಗ್ಗಿನ ವಿಷಯದಲ್ಲೂ ಇದೇ ಗೋಳು. ಮೊಗ್ಗಿದ್ದರೆ ಬೇಗ ಮಾರಾಟವಾಗುತ್ತದೆ, ಒಪ್ಪುತ್ತೇನೆ. ಆದರೆ ಬೇರು ಸರಿಯಾಗಿ ಕೂರದ ಕಟಿಂಗ್‌ನಲ್ಲಿ ಮೊಗ್ಗು ಕಂಡರೆ ಚಿವುಟಿ ಹಾಕಿ. ಬೇರಿಗೆ ಹೋಗಬೇಕಾದ ಆಹಾರವನ್ನು ಅದು ತಿನ್ನುತ್ತದೆ.

ಗದಗ, ನವಲಗುಂದ ಕಡೆಯವರಿಗೆ ಒಂದು ಮಾತು. ಚೀಲಕ್ಕೆ ಬರೀ ಎರೆ (ಕಪ್ಪು) ಮಣ್ಣು ತುಂಬಬೇಡಿ. ಒಣಗಿದಾಗ ಕುಗ್ಗಿ ಅಂಚು ಬಿಡುತ್ತದೆ, ಹಾಕಿದ ನೀರು ಆ ಸಂದಿಯಲ್ಲೇ ಕೆಳಗೆ ಹರಿದುಹೋಗುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಸಾಮಾನ್ಯವಾಗಿ ಸಾಕು.

ಮಾರಾಟಕ್ಕೆ ಹತ್ತು ದಿನ ಮೊದಲು ಗಿಡಗಳನ್ನು ಶೇಡ್‌ನೆಟ್‌ನಿಂದ ಹೊರಗೆ ತನ್ನಿ. ಮೊದಲು ಬೆಳಗಿನ ಬಿಸಿಲು ಒಂದು ತಾಸು, ಆಮೇಲೆ ದಿನಾ ಸ್ವಲ್ಪ ಜಾಸ್ತಿ. ನೆರಳಿನ ಗಿಡಗಳನ್ನು ನೆರಳಲ್ಲೇ ಬಿಡಿ. ಎಲೆ ಹಿಂದೆ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕಂಡರೆ ಆ ಚೀಲ ಬೇರೆ ಕಡೆ ಇಡಿ, ಮಾರಲೇಬೇಡಿ.

ತಯಾರಾಗದ ಗಿಡ ಉಳಿದರೆ? ಕೇಳಿದವರಿಂದ ಮುಂಗಡ ತಗೊಂಡು ಚೀಟಿ ಕೊಡಿ. ಚೀಲದ ಮೇಲೆ ಅವರ ಹೆಸರು, ಕಟಿಂಗ್ ಹಚ್ಚಿದ ತಾರೀಖು ಬರೆದಿಡಿ. ಬೇರು ತುಂಬಿದ ಮೇಲೆ ಫೋನ್ ಮಾಡಿ ಕರೆಯಿರಿ.