ವೈರಿನ ಬಣ್ಣ ನಂಬಬೇಡಿ: ಹಳೇ ಟ್ರ್ಯಾಕ್ಟರಿಗೆ ಹೊಸ ಕೀ ಸ್ವಿಚ್

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ನಲವತ್ತು ವರ್ಷ ದಾಟಿದ ಟ್ರ್ಯಾಕ್ಟರುಗಳು ಇವತ್ತಿಗೂ ದುಡಿಯುತ್ತಿವೆ. ಎಂಜಿನ್ ಗಟ್ಟಿಯಾಗಿರುತ್ತದೆ, ಗೇರ್ ಬಾಕ್ಸ್ ಗಟ್ಟಿಯಾಗಿರುತ್ತದೆ. ಕೈಕೊಡುವುದು ಜಾಸ್ತಿ ವೈರಿಂಗ್. ಭದ್ರಾ ನಾಲೆ ಬಯಲಿನ ಗದ್ದೆ ಕೆಸರು, ಚಳ್ಳಕೆರೆ ಕಡೆಯ ಧೂಳು ಎರಡೂ ಕೀ ಸ್ವಿಚ್ಚಿನ ಒಳಗಿನ ಪಾಯಿಂಟುಗಳಿಗೆ ಶತ್ರುಗಳೇ. ಸ್ವಿಚ್ ಬದಲಿಸುವುದು ಚಿಕ್ಕ ಕೆಲಸ ಅನಿಸುತ್ತದೆ. ಡೈನಮೋ, ಆಲ್ಟರ್ನೇಟರ್ ಎರಡೂ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರಗಳೇ, ಡೈನಮೋ ಹಳೇ ಕಾಲದ್ದು. ಆದರೆ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ ಗಾಡಿಯಲ್ಲಿ ಹಳೇ ವೈರು ಇದ್ದಲ್ಲಿಯೇ ಹೊಸದನ್ನು ಸಿಕ್ಕಿಸಿದರೆ ಸಾಲದು. ಯಾವ ವೈರು ಈಗ ಏನು ಕೆಲಸ ಮಾಡುತ್ತಿದೆ ಅಂತ ಮೊದಲು ತಿಳಿಯಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಗಾಡಿಗಳಲ್ಲಿ ಕೀ ತಿರುಗಿಸಿ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ಪಂಪಿನ ಡೀಸೆಲ್ ತಡೆಯುವ ಸ್ಟಾಪ್ ಗುಂಡಿಯನ್ನೇ ಎಳೆಯಬೇಕು. ಕೀ ಸ್ವಿಚ್ಚಿನ ಪಾಲಿಗೆ ಉಳಿಯುವುದು ಸೆಲ್ಫ್ ಹೊಡೆಸುವುದು, ತಣ್ಣಗಿನ ಎಂಜಿನ್ ಶುರುವಾಗಲು ನೆರವಾಗುವ ಹೀಟರಿಗೆ ಕರೆಂಟ್ ಕೊಡುವುದು, ಮೀಟರುಗಳು, ಮತ್ತೆ ಚಾರ್ಜಿಂಗ್ ಲೈಟು.

ಈ ಚಾರ್ಜಿಂಗ್ ಲೈಟನ್ನು ಎಲ್ಲರೂ ಕಡೆಗಣಿಸುತ್ತಾರೆ. ನನ್ನ ಪ್ರಕಾರ ಇಡೀ ವೈರಿಂಗಿನಲ್ಲಿ ಗಮನಿಸಬೇಕಾದ ಮುಖ್ಯ ಜಾಗ ಅದೇ. ಡೈನಮೋದ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತದ ಗುಣ ಉಳಿದಿರುತ್ತದೆ, ಅದರಿಂದಲೇ ಅದು ಕರೆಂಟ್ ಹುಟ್ಟಿಸಲು ಶುರು ಮಾಡುತ್ತದೆ. ಆಲ್ಟರ್ನೇಟರಿನಲ್ಲಿ ತಿರುಗುವ ಸುರುಳಿಗೆ ಮೊದಲು ಹೊರಗಿನಿಂದ ಒಂದಿಷ್ಟು ಕರೆಂಟ್ ಬೇಕು. ಅದು ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಈ ಲೈಟಿನ ಮೂಲಕ ಆಲ್ಟರ್ನೇಟರಿಗೆ ಹೋಗುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ತಾನೇ ಕರೆಂಟ್ ಕೊಡಲು ಶುರು ಮಾಡಿದರೆ ಬಲ್ಬಿನ ಎರಡೂ ಕಡೆ ಒಂದೇ ವೋಲ್ಟೇಜ್ ಬರುತ್ತದೆ, ಲೈಟು ಆರುತ್ತದೆ. ಅಂದರೆ ಅದು ಬರೀ ಸೂಚನೆಯ ಲೈಟಲ್ಲ, ಚಾರ್ಜಿಂಗ್ ಶುರುವಾಗುವುದೇ ಅದರ ಮೂಲಕ. 2 ವ್ಯಾಟಿನ ಸುತ್ತಮುತ್ತಲ ಹಳೇ ಬಲ್ಬಿದ್ದ ಕಡೆ ಸುಮ್ನೆ ಎಲ್‌ಇಡಿ ಹಾಕಿದರೆ ಹೋಗುವ ಕರೆಂಟ್ ತೀರಾ ಕಡಿಮೆಯಾಗುತ್ತದೆ. ಆಗ ಎಂಜಿನ್ ಜೋರಾಗಿ ಓಡಿಸುವವರೆಗೂ ಚಾರ್ಜಿಂಗ್ ಬಾರದೇ ಇರಬಹುದು. ಬಲ್ಬನ್ನೇ ಬಿಟ್ಟು ನೇರ ವೈರು ಕೊಟ್ಟರೆ ಇನ್ನೊಂದು ತೊಂದರೆ: ಎಂಜಿನ್ ನಿಲ್ಲಿಸಿ ಕೀ ಆನ್ ಮರೆತರೆ ಸುರುಳಿಗೆ ಕರೆಂಟ್ ಹರಿಯುತ್ತಲೇ ಇದ್ದು ಬ್ಯಾಟರಿ ಖಾಲಿಯಾಗುತ್ತದೆ.

ಬಣ್ಣದ ಮೋಸ ಗೊತ್ತಾಗುವುದು ಇಲ್ಲೇ. ಬ್ರಿಟನ್ ಮೂಲದ ಗಾಡಿಗಳ ಹಳೇ ವೈರಿಂಗಿನಲ್ಲಿ ಕಂದು ಮೇಲೆ ಹಳದಿ ಗೆರೆಯ ವೈರು ಡೈನಮೋದ ಮುಖ್ಯ ಕರೆಂಟನ್ನು ಹೊರುವ ದಪ್ಪ ವೈರು. ಆಲ್ಟರ್ನೇಟರ್ ಬಂದ ಮೇಲಿನ ಪದ್ಧತಿಯಲ್ಲಿ ಅದೇ ಬಣ್ಣ ಚಾರ್ಜಿಂಗ್ ಲೈಟಿನ ತೆಳ್ಳಗಿನ ವೈರು. ಇನ್ನು ಬದಲಿಸಿದವರು ಡೈನಮೋದ ಕರೆಂಟನ್ನು ಹದ್ದುಬಸ್ತಿನಲ್ಲಿಡುತ್ತಿದ್ದ ಹಳೇ ಕಟ್ ಔಟ್ ಬಾಕ್ಸಿನಲ್ಲೇ ವೈರುಗಳನ್ನು ಜೋಡಿಸಿಬಿಟ್ಟಿದ್ದರೆ, ಹಿಂದೆ ಡೈನಮೋದ ಫೀಲ್ಡಿಗೆ, ಅಂದರೆ ಅಯಸ್ಕಾಂತ ಹುಟ್ಟಿಸುವ ಸುರುಳಿಗೆ, ಹೋಗುತ್ತಿದ್ದ ವೈರು ಈಗ ಲೈಟಿನ ವೈರಾಗಿರುತ್ತದೆ. ಬಣ್ಣ ನೋಡಿ ಜೋಡಿಸಿದರೆ ಏನಾದೀತು, ನೀವೇ ಊಹಿಸಿ.

ಇನ್ನೊಂದು ಬದಲಾವಣೆಯೂ ಆಗಿರಬಹುದು. ಫರ್ಗ್ಯುಸನ್ ಟಿಇ20ಯಂಥ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ಥ್, ಅಂದರೆ ಗಾಡಿಯ ಚಾಸಿಗೆ ಜೋಡಿಸಿರುವುದು. ಆಲ್ಟರ್ನೇಟರ್ ಹಾಕುವಾಗ ಸಾಮಾನ್ಯವಾಗಿ ಮೈನಸ್ ಅರ್ಥಿಗೆ ತಿರುಗಿಸುತ್ತಾರೆ. ಕೀ ಸ್ವಿಚ್ಚಿಗೂ ಬಲ್ಬುಗಳಿಗೂ ಅದರಿಂದ ಏನೂ ಆಗುವುದಿಲ್ಲ. ಸೆಲ್ಫ್ ಮೋಟರು ಕೂಡ ಉಲ್ಟಾ ತಿರುಗುವುದಿಲ್ಲ. ಅದರ ಎರಡು ಸುರುಳಿಗಳಲ್ಲೂ ಕರೆಂಟಿನ ದಿಕ್ಕು ಒಟ್ಟಿಗೇ ಬದಲಾಗುವುದರಿಂದ ತಿರುಗುವ ದಿಕ್ಕು ಅದೇ ಉಳಿಯುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ! ಆದರೆ ಆಂಪಿಯರ್ ಮೀಟರಿನ ಮುಳ್ಳು ಉಲ್ಟಾ ಓಡುತ್ತದೆ, ಅದರ ಎರಡು ವೈರು ಅದಲು ಬದಲು ಮಾಡಬೇಕು. ಯಾರೋ ಹಳೇ ನೆನಪಲ್ಲಿ ಬ್ಯಾಟರಿಯನ್ನು ಪ್ಲಸ್ ಅರ್ಥಿಗೇ ಕೊಟ್ಟರೆ ಆಲ್ಟರ್ನೇಟರಿನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ.

ಸ್ವಿಚ್ ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ಸಾಮಾನ್ಯವಾಗಿ ಬೈಗುಳ ತಿನ್ನುವುದು ಬ್ಯಾಟರಿ. ಸೆಲ್ಫ್ ಮೋಟರಿಗೆ ನೂರಾರು ಆಂಪಿಯರ್ ಬೇಕು, ಅದು ಸ್ವಿಚ್ಚಿನ ಮೂಲಕ ಹೋಗುವುದಿಲ್ಲ. ಆದರೆ ಆ ಕರೆಂಟನ್ನು ಮೋಟರಿಗೆ ಕೂಡಿಸುವ ಸಾಲಿನಾಯ್ಡಿಗೇ (ಕರೆಂಟಿನಿಂದ ಎಳೆಯುವ ಅಯಸ್ಕಾಂತದ ಸ್ವಿಚ್) ಮೊದಲ ಕ್ಷಣದಲ್ಲಿ 30 ಆಂಪಿಯರ್ ಬೇಕಾಗಬಹುದು. ಕಪ್ಪಾದ ಪಾಯಿಂಟಿನ ತಡೆ ಬರೀ 0.1 ಓಮ್ ಅಂತಿಟ್ಟುಕೊಳ್ಳಿ. 30ನ್ನು ಅದರಿಂದ ಗುಣಿಸಿದರೆ 3 ವೋಲ್ಟ್ ಅಲ್ಲೇ ಹೋಯಿತು. 12 ವೋಲ್ಟಿನಲ್ಲಿ ಸಾಲಿನಾಯ್ಡಿಗೆ ಸಿಗುವುದು 9. ಆ 3 ವೋಲ್ಟ್ 90 ವ್ಯಾಟ್ ಬಿಸಿಯಾಗಿ ಬೆರಳುಗಾತ್ರದ ಸ್ವಿಚ್ಚಿನೊಳಗೇ ಉರಿಯುತ್ತದೆ. ‘ಟಕ್’ ಅಂತ ಸದ್ದು, ಸೆಲ್ಫ್ ತಿರುಗುವುದಿಲ್ಲ, ಕೀ ಬಿಸಿ. ಹೊಸ ಸ್ವಿಚ್ ಹಾಕುವಾಗಲೇ ನಡುವೆ 40 ಆಂಪಿಯರಿನ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್) ಸೇರಿಸುವುದು ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆಗ ಸ್ವಿಚ್ಚಿನ ಮೂಲಕ ಹರಿಯುವುದು ಕಾಲು ಆಂಪಿಯರಿಗಿಂತಲೂ ಕಡಿಮೆ.

ವೈರು ಗುರುತಿಸಲು ಬೇಕಾದದ್ದು ಟೆಸ್ಟ್ ಲ್ಯಾಂಪು, ಪಟ್ಟಿಟೇಪು, ಪೆನ್ನು. ಮೊದಲು ಬ್ಯಾಟರಿಯ ಅರ್ಥ್ ಬಿಚ್ಚಿ, ಹಳೇ ಸ್ವಿಚ್ಚಿನ ಪ್ರತಿ ವೈರಿಗೂ ಟೇಪಿನ ಚೀಟಿ ಅಂಟಿಸಿ. ವೈರುಗಳನ್ನು ಕಳಚಿ, ಅವು ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು ಅರ್ಥ್ ಮತ್ತೆ ಕೊಡಿ. ಎಲ್ಲ ಬಿಡಿಯಾಗಿದ್ದಾಗಲೂ ಲ್ಯಾಂಪು ಉರಿಸುವ ವೈರು ಬ್ಯಾಟರಿಯದ್ದು. ಅದರಿಂದ ಒಂದೊಂದೇ ವೈರಿಗೆ ಫ್ಯೂಸ್ ಮೂಲಕ ಕರೆಂಟ್ ಕೊಟ್ಟು ನೋಡಿ: ಎಲ್ಲಿ ಲೈಟು ಬಂತು, ಎಲ್ಲಿ ಹೀಟರ್ ಕಾಯಿತು. ಸೆಲ್ಫಿನದು ಕೊನೆಗೆ, ಗೇರ್ ನ್ಯೂಟ್ರಲಿನಲ್ಲಿಟ್ಟು, ಸ್ಟಾಪ್ ಗುಂಡಿ ಎಳೆದು.

ಸೆಲ್ಫಿನ ವೈರು ಎಷ್ಟೋ ಗಾಡಿಗಳಲ್ಲಿ ಗೇರ್ ನ್ಯೂಟ್ರಲಿನಲ್ಲಿದ್ದರೆ ಮಾತ್ರ ಕೂಡುವ ಒಂದು ಸುರಕ್ಷತಾ ಸ್ವಿಚ್ಚಿನ ಮೂಲಕ ಹೋಗುತ್ತದೆ. ವೈರಿಂಗ್ ಬದಲಿಸಿದವರು ಅದನ್ನು ಬಿಟ್ಟು ನೇರ ಕೊಟ್ಟಿರುತ್ತಾರೆ. ದಯವಿಟ್ಟು ಅದನ್ನು ಮತ್ತೆ ಜೋಡಿಸಿ. ಕೀ ಬಿಟ್ಟು, ಕೆಳಗೆ ನಿಂತು ಸೆಲ್ಫಿನ ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಸೆಲ್ಫ್ ಹೊಡೆಸುವಾಗ ಗಾಡಿ ಗೇರಿನಲ್ಲಿದ್ದರೆ, ಹಿಂದಿನ ಚಕ್ರ ಹತ್ತುವುದು ನಿಂತವರ ಮೇಲೇ. ಹೀಗೆ ಜೀವ ಹೋಗಿರುವುದುಂಟು.

ಎಲ್ಲ ಜೋಡಿಸಿದ ಮೇಲೆ ಎರಡು ಅಳತೆ ಮಾಡಿ. ಸೆಲ್ಫ್ ಹೊಡೆಯುವಾಗ ಸ್ವಿಚ್ಚಿನ ಬ್ಯಾಟರಿ ತುದಿಗೂ ಸೆಲ್ಫ್ ತುದಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14 ವೋಲ್ಟಿನ ಹತ್ತಿರ ಇರಬೇಕು, ಹೆಡ್‌ಲೈಟ್ ಹಾಕಿದಾಗಲೂ 13ಕ್ಕಿಂತ ಕೆಳಗೆ ಇಳಿಯಬಾರದು.